‘ಸ್ವಾಧೀನ’ ಎಂದರೆ ಇಟ್ಟುಕೊಂಡಿರುವುದೋ, ಪಡೆದುಕೊಳ್ಳುವುದೋ?

ಗೆಳೆಯರೇ,

ಆಸ್ತಿ ಕಾನೂನಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓನರ್‌ಶಿಪ್‌ಗೆ ‘ಒಡೆತನ’ ಸಲೀಸಾಗಿ ಸಿಕ್ಕಿತು. ಪೊಸೆಷನ್ ಹತ್ತಿರ ಬಂದು ನಿಂತುಬಿಟ್ಟೆ.

ಇವೆರಡೂ ಬೇರೆ ಎನ್ನುವುದೇ ಈ ಕಾನೂನಿನ ಬುಡ. ನಿಮ್ಮ ಕೊಡೆಯನ್ನು ಎರವಲು ತಂದರೆ ಅದು ಇರುವುದು ನನ್ನ ಕೈಲಿ, ಆದರೆ ಕೊಡೆ ನಿಮ್ಮದೇ. ಕದ್ದು ತಂದರೂ ಅಷ್ಟೇ. ರೋಮನ್ನರು ಒಡೆತನವನ್ನು ಡೊಮಿನಿಯಂ, ಕೈಯಲ್ಲಿರುವುದನ್ನು ಪೊಸೆಸ್ಸಿಯೊ ಎಂದರು. ಆದರೂ ಒಂದರಿಂದ ಇನ್ನೊಂದಕ್ಕೆ ದಾರಿ ಬಿಟ್ಟಿದ್ದರು. ಅವರ ಹನ್ನೆರಡು ಫಲಕಗಳ ಕಾನೂನಿನಲ್ಲಿ ಜಮೀನು 2 ವರ್ಷ, ಉಳಿದ ವಸ್ತು 1 ವರ್ಷ ಕೈಯಲ್ಲಿದ್ದರೆ ಒಡೆತನವೇ ಬರುತ್ತಿತ್ತು. ಕದ್ದ ಮಾಲಿಗೆ ಮಾತ್ರ ಆ ದಾರಿ ಇರಲಿಲ್ಲ. ಇದನ್ನು ಬರೆಯಬೇಕಾದರೆ ಎರಡು ಖಚಿತ ಪದ ಬೇಕೇ ಬೇಕು, ಅಲ್ವಾ?

ಆಸ್ತಿ ಪತ್ರಗಳಲ್ಲಿ ಪೊಸೆಷನ್‌ಗೆ ಬಳಸುವುದು ‘ಸ್ವಾಧೀನ’. ಬಾಡಿಗೆದಾರನ ಸ್ವಾಧೀನದಲ್ಲಿರುವ ಮನೆ ಎಂದರೆ ಒಡೆತನ ಬೇರೆಯವರದು. ಭೂಸ್ವಾಧೀನ ಎಂದಾಗ ಮಾತ್ರ ಒಡೆತನವೇ ಕೈ ಬದಲಾಯಿಸುತ್ತದೆ! “ಸ್ವಾಧೀನದ ಆದೇಶ ಬಂದ ಜಮೀನು ಇನ್ನೂ ಹಳೆಯ ಒಡೆಯನ ಸ್ವಾಧೀನದಲ್ಲೇ ಇದೆ” ಎಂದು ಬರೆದು ನಾನೇ ನಕ್ಕೆ. (ಕೈಕಾಲು ಸ್ವಾಧೀನ ತಪ್ಪಿತು ಎನ್ನುವಾಗ ಇದೇ ಪದ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ.)

‘ಸ್ವಾಧೀನಾನುಭವ’ ಇದೆ. ಆದರೆ ಅದರಲ್ಲಿ ಬಳಸಿ ಅನುಭವಿಸುವುದೂ ಸೇರಿಕೊಂಡಿದೆ. ಭೋಗ್ಯಕ್ಕೆ ಪಡೆದ ಜಮೀನಿಗೆ ಅದು ಸರಿ, ಫಸಲು ಪಡೆದವನಿಗೇ ಸೇರುತ್ತದೆ. ಅಡವಿಟ್ಟ ಒಡವೆಗೆ? ಸಾಲ ಕೊಟ್ಟವನು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು, ಹಾಕಿಕೊಂಡು ತಿರುಗುವಂತಿಲ್ಲ. ‘ಕಬ್ಜಾ’ದಲ್ಲಿ ಬಲವಂತದ ವಾಸನೆ ಜಾಸ್ತಿ. ‘ಹಿಡುವಳಿ’ ಹೊಲ ಬಿಟ್ಟು ಆಚೆ ಬರುವುದಿಲ್ಲ.

ಸುಮ್ನೆ ಯೋಚಿಸುತ್ತಿದ್ದಾಗ ಹೊಳೆದದ್ದು ‘ವಶ’. ಪೊಲೀಸರು ಬೈಕನ್ನು ವಶಕ್ಕೆ ತೆಗೆದುಕೊಂಡರು ಎಂದರೆ ಬೈಕು ಪೊಲೀಸರದಾಯಿತು ಎಂದು ಯಾರೂ ತಿಳಿಯುವುದಿಲ್ಲ. ಒಡೆತನ ಮುಟ್ಟದೆ ಕೈಯಲ್ಲಿರುವುದನ್ನಷ್ಟೇ ಹೇಳುವ ಪದ! ಒಡೆತನ–ವಶ ಎಂಬ ಜೋಡಿಯೇ ನನಗೆ ಹಿಡಿಸಿದೆ.

ಅಂದಹಾಗೆ, ತಮಿಳಿನಲ್ಲಿ ‘ಉಡೈಯವನ್’ ಎಂದರೆ ಉಳ್ಳವನು. ನಮ್ಮ ‘ಒಡೆಯ’ನೂ ಅದೇ ಬಳ್ಳಿಯವನು. ಅಂದರೆ ಬೇರಿನಲ್ಲಿ ಇಟ್ಟುಕೊಂಡವನೇ ಒಡೆಯ; ಈ ಗೆರೆ ಎಳೆದದ್ದು ಆಮೇಲೆ.

ಒಂದು ಅಳುಕಿದೆ. ‘ವಶ’ ಕೇಳಿದರೆ ನಾಲ್ಕು ದಿನದ ಮಾತು ಎನಿಸುತ್ತದೆ. 30 ವರ್ಷ ಬೇರೆಯವರ ನೆಲ ಉಳುತ್ತಾ ಬಂದವನ ಬಗ್ಗೆ “ನೆಲ ಅವನ ವಶದಲ್ಲಿದೆ” ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?