ಬ್ಯಾಂಡಿಗೆ ಬ್ಯಾಂಜೋ ಬೇಕೇ ಬೇಕಾ?

ಕುಕ್ಕರಹಳ್ಳಿ ಏರಿ:
ಮೈಸೂರಲ್ಲಿ ನಾವು ಐದು ಜನ ಸೇರಿ ಬ್ಯಾಂಡ್ ಮಾಡಿಕೊಂಡಿದ್ದೇವೆ. ಇಬ್ಬರದು ಗಿಟಾರ್, ಒಬ್ಬ ಮ್ಯಾಂಡೊಲಿನ್, ಒಬ್ಬ ಕಹೋನ್ ಅನ್ನೋ ಮರದ ಡಬ್ಬ ಬಡಿಯುತ್ತಾನೆ. ಪಿಟೀಲು ನುಡಿಸುವವಳೇ ಹಾಡೋದು. ಜನಪದ ಹಾಡುಗಳನ್ನು ಬ್ಲೂಗ್ರಾಸ್ ಅನ್ನೋ ಅಮೆರಿಕದ ತಂತಿವಾದ್ಯ ಸಂಗೀತದ ಧಾಟಿಯಲ್ಲಿ ನುಡಿಸೋ ಆಸೆ. ಪ್ರತಿ ಭಾನುವಾರ ಸರಸ್ವತಿಪುರಂನಲ್ಲಿ ಗೆಳೆಯನ ಮನೆ ಮಹಡಿ ಮೇಲೆ ಪ್ರಾಕ್ಟೀಸ್. ಆದರೆ ಎಲ್ಲರೂ ಒಟ್ಟಿಗೆ ಶುರು ಮಾಡಿದ ಕೂಡಲೇ ದೇವರಾಜ ಮಾರ್ಕೆಟ್ ಆಗಿಬಿಡುತ್ತದೆ. ಬ್ಯಾಂಜೋ (ದುಂಡಗೆ ಚರ್ಮ ಬಿಗಿದ ತಂತಿವಾದ್ಯ) ಇಲ್ಲ, ಅದಕ್ಕೇ ಹೀಗೆ ಅಂತ ಮ್ಯಾಂಡೊಲಿನ್‌ನವನ ವಾದ. ಅವನ ಮಾತು ಕೇಳಿ ಆನ್‌ಲೈನ್‌ನಲ್ಲಿ ಬ್ಯಾಂಜೋ ತರಿಸಿದರೆ, ಡಬ್ಬ ಬಿಚ್ಚಿದಾಗ ಸಿಕ್ಕಿದ್ದು ಟೈಪ್‌ರೈಟರ್ ಥರ ಗುಂಡಿ ಇರುವ ಬುಲ್‌ಬುಲ್ ತರಂಗ್! ಈಗ ಅದರಲ್ಲಿ ಗೆಳೆಯನ ಅಜ್ಜಿ ದೇವರನಾಮ ನುಡಿಸುತ್ತಿದ್ದಾರೆ. ಮತ್ತೆ ದುಡ್ಡು ಸುರಿದು ಅಸಲಿ ಬ್ಯಾಂಜೋ ತರಿಸೋದಾ?

ಎಂಟು ತಂತಿ:
ಬ್ಯಾಂಜೋ ಆಮೇಲೆ ನೋಡೋಣ. ಮೊದಲು ಒಂದು ಗಿಟಾರ್ ಕೆಳಗಿಡಿಸಿ. ಬ್ಲೂಗ್ರಾಸ್ ಶುರು ಮಾಡಿದ ಬಿಲ್ ಮನ್ರೋ 1939ರಲ್ಲಿ ಬ್ಲೂ ಗ್ರಾಸ್ ಬಾಯ್ಸ್ ತಂಡ ಕಟ್ಟಿಕೊಂಡು ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ರೇಡಿಯೊ ಕಾರ್ಯಕ್ರಮ ಸೇರಿದಾಗ ಬ್ಯಾಂಜೋಗೆ ಅಂತ ಒಬ್ಬನಿರಲಿಲ್ಲ. ಮೂರು ಬೆರಳಲ್ಲಿ ಸರಸರ ಮೀಟುವ ಅರ್ಲ್ ಸ್ಕ್ರಗ್ಸ್ ಬಂದದ್ದು 1945ರ ಕೊನೆಗೆ. ಡ್ರಮ್ಮು ಅಂತೂ ಇರಲೇ ಇಲ್ಲ. ತಾಳ ಹಿಡಿಯುತ್ತಿದ್ದದ್ದು ತಂತಿಗಳೇ: ನಾಲ್ಕರ ಎಣಿಕೆಯಲ್ಲಿ ಮಂದ್ರ ದನಿಯ ಬೇಸ್ ಒಂದನೇ ಮತ್ತು ಮೂರನೇ ಪೆಟ್ಟಿನ ಮೇಲೆ, ಮ್ಯಾಂಡೊಲಿನ್ ಎರಡನೇ ಮತ್ತು ನಾಲ್ಕನೇ ಪೆಟ್ಟಿನ ಮೇಲೆ. ನಿಮ್ಮ ಮ್ಯಾಂಡೊಲಿನ್‌ನವನು ಇಡೀ ಹಾಡು ಸ್ವರ ಉದುರಿಸ್ತಾನೆ ಅಲ್ವಾ? ನಾನೂ ಹಾಗೇ ಮಾಡುತ್ತಿದ್ದೆ. ಕಾರ್ಡ್ (ಒಟ್ಟಿಗೆ ಮೀಟುವ ಕೆಲವು ಸ್ವರ) ಹೊಡೆದ ತಕ್ಷಣ ಎಡಗೈ ಒತ್ತು ಸಡಿಲಿಸಬೇಕು, ಆದರೆ ಬೆರಳು ತಂತಿ ಬಿಡಬಾರದು. ಆಗ 'ಚಕ್' ಅಂತ ಬರುತ್ತದೆ, ಕೊತ್ತಂಬರಿ ಕೊಚ್ಚಿದ ಹಾಗೆ. ಕಹೋನ್ ಹುಡುಗನನ್ನು ಮನೆಗೆ ಕಳಿಸಬೇಡಿ ಮತ್ತೆ, ತಾಳ ಗೊತ್ತಿರೋನು, ಅವನ ಕೈಗೇ ಬೇಸ್ ಕೊಡಿ.

ಮದ್ದೂರು ವಡೆ:
ಎಂಟು ತಂತಿಯವರ ಮಾತು ಸರಿ, ಆದ್ರೂ ಬ್ಯಾಂಜೋನ ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಅದರ ಐದನೇ ತಂತಿ ಗಿಡ್ಡ. ಬಿರಡೆ ತುದಿಯಲ್ಲಿರಲ್ಲ, ಕತ್ತಿನ ಪಕ್ಕ ಐದನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಹತ್ತಿರ ಇರುತ್ತದೆ. ಹಾಡು ಎಲ್ಲಿಗೆ ಹೋದರೂ ಹೆಬ್ಬೆರಳು ಅದೇ ಒಂದು ಸ್ವರಕ್ಕೆ ಬಂದು ಬಂದು ಬೀಳುತ್ತದೆ. ನಮ್ಮ ಮಂಡ್ಯದ ಕಡೆ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವಾಗ ತಂಬೂರಿ ಮೀಟುತ್ತಾರಲ್ಲ, ಅದನ್ನು ಕೇಳಿ ಬೆಳೆದ ನನಗೆ ಮೊದಲ ಸಲ ಬ್ಯಾಂಜೋ ಕೇಳಿದಾಗ ಹೊಸದು ಅನ್ನಿಸಲೇ ಇಲ್ಲ. ಅಮೆರಿಕಕ್ಕೂ ಅದು ಹೊರಗಿಂದ ಹೋದದ್ದೇ, ಗುಲಾಮರಾಗಿ ಹೋದ ಆಫ್ರಿಕಾದವರ ವಾದ್ಯದಿಂದ ಹುಟ್ಟಿದ್ದು. ದುಡ್ಡಿಲ್ಲದಿದ್ದರೆ ಸದ್ಯಕ್ಕೆ ತಂಬೂರಿ ಇಟ್ಟುಕೊಳ್ಳಿ. ಕಂಸಾಳೆ ಮಾತ್ರ ಬೇಡ ಮಾರಾಯ್ರೆ, ಮಹಡಿ ಕೋಣೇಲಿ ಕಿವಿ ಹೋಗುತ್ತೆ.

ಸ ಪ ಸ ಪ:
ಪಿಟೀಲಿನವಳ ಬಗ್ಗೆ ಯಾರೂ ಯೋಚಿಸಲಿಲ್ಲ ನೋಡಿ. ಕರ್ನಾಟಕ ಸಂಗೀತ ಕಲಿತವಳಾದರೆ ಅವಳ ತಂತಿ ಸ-ಪ-ಸ-ಪ ಶ್ರುತಿಯಲ್ಲಿರುತ್ತದೆ, ಮ್ಯಾಂಡೊಲಿನ್ ತಂತಿ ಜಿ-ಡಿ-ಎ-ಇ ಅನ್ನೋ ಪಾಶ್ಚಾತ್ಯ ಸ್ವರಗಳಲ್ಲಿ. ಇಬ್ಬರೂ ಒಂದೇ ಶ್ರುತಿಗೆ ಬಂದರೆ ಒಬ್ಬರ ಬೆರಳು ನೋಡಿ ಇನ್ನೊಬ್ಬರು ಕಲಿಯಬಹುದು. ಇನ್ನು, ನೆಲದ ಮೇಲೆ ಕೂತು ಪಿಟೀಲನ್ನು ಪಾದಕ್ಕೆ ಆನಿಸಿಕೊಂಡರೆ ಜೊತೆಗೇ ಹಾಡಬಹುದು, ನಿಂತು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು ಹಾಡೋದು ಕಷ್ಟ. ಹಾಗಾಗಿ ಹಾಡುವಾಗ ಪಿಟೀಲು ಇಳಿಸಲಿ, ಸಾಲು ಮುಗಿದ ಮೇಲೆ ನುಡಿಸಲಿ, ಆಗ ಉಳಿದವರು ದನಿ ತಗ್ಗಿಸಬೇಕು. ಸಭೆಗೆ ನಾದ ಸಾಲದು ಅಂತ ನಮ್ಮ ಮೈಸೂರಿನ ಚೌಡಯ್ಯನವರು ಏಳು ತಂತಿ ಕಟ್ಟಿದರು. ನಿಮಗೆ ಅಷ್ಟೆಲ್ಲ ಬೇಡ, ಗಿಟಾರಿನವರು ಸುಮ್ನಿದ್ದರೆ ಸಾಕು.

ಕುಕ್ಕರಹಳ್ಳಿ ಏರಿ:
ಎಲ್ಲರಿಗೂ ಥ್ಯಾಂಕ್ಸ್. ಈ ಭಾನುವಾರ ಬೇಸ್ ಗಿಟಾರ್ ಸಾಲ ತಂದು ಕಹೋನ್‌ನವನಿಗೆ ಕೊಟ್ಟೆವು. ಮೊದಲ ಅರ್ಧ ಗಂಟೆ ಬೈದುಕೊಂಡ, ಆಮೇಲೆ ಬಿಡಲೇ ಇಲ್ಲ. 'ಚಕ್' ಇನ್ನೂ 'ಚರ್' ಅಂತಿದೆ. ಎರಡನೇ ಗಿಟಾರಿನವನು ಮುನಿಸಿಕೊಂಡಿದ್ದಾನೆ, ಬ್ಯಾಂಜೋ ಬಂದರೆ ನಿನಗೇ ಅಂತ ಸಮಾಧಾನ ಮಾಡಿದ್ದೇವೆ. ಇಳಿದು ಹೋಗುವಾಗ ಕೆಳಗಿನ ಮನೆ ಆಂಟಿ ಬಾಗಿಲಲ್ಲೇ ನಿಂತಿದ್ದರು. "ಯಾಕ್ರಪ್ಪಾ, ಇವತ್ತು ಎಲ್ಲರೂ ಬಂದಿರಲಿಲ್ವಾ?" ಅಂದರು.