ಎಸಿಯಿಂದ ಗೋಡೆಗೆ ನೀರು, ಜೊತೆಗೆ ಮುಗ್ಗಲು ವಾಸನೆ

ಮಡಿಕೇರಿಮನೆ:
ಅಮ್ಮನ ಕೋಣೆಗೆ ಹಾಟ್ ಅಂಡ್ ಕೋಲ್ಡ್ ಸ್ಪ್ಲಿಟ್ ಎಸಿ ಹಾಕಿಸಿದ್ದೇವೆ. ಚಳಿಗೆ ಹೀಟ್, ಮಳೆಗಾಲದಲ್ಲಿ ಬಟ್ಟೆ, ಹಾಸಿಗೆ ಬೂಸ್ಟು ಹಿಡಿಯದಿರಲಿ ಅಂತ ಡ್ರೈ ಮೋಡ್. ಈಗ ಒಳಗಿನ ಯೂನಿಟ್‌ನಿಂದ ಗೋಡೆ ಮೇಲೆ ನೀರು ಇಳಿಯುತ್ತಿದೆ, ಹಾಕಿದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ. ಮೆಕ್ಯಾನಿಕ್ ಮೈಸೂರಿನಿಂದ ಬರಬೇಕು, ಫೋನಿನಲ್ಲೇ ಗ್ಯಾಸ್ ತುಂಬಿಸಬೇಕು ಅಂದ. ನಾವೇ ಏನಾದರೂ ಮಾಡಬಹುದಾ?

ಕಾಫಿತೋಟ:
ನೋಡದೆ ಗ್ಯಾಸ್ ಅಂದರೆ ನಂಬಬೇಡಿ. ಅದು ಪೆಟ್ರೋಲ್ ತರ ಖರ್ಚಾಗಲ್ಲ, ಲೀಕ್ ಆದರೆ ಮಾತ್ರ ಕಡಿಮೆಯಾಗುತ್ತೆ. ಮೊದಲು ಎಂಸಿಬಿ (ಮೀಟರ್ ಬೋರ್ಡಿನ ಹತ್ತಿರ ಎಸಿ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ, ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ, ಆಮೇಲೆ ಹೊರಗೆ ನೀರು ಹೋಗುವ ಡ್ರೈನ್ ಪೈಪಿನ ತುದಿ ನೋಡಿ. ನಮ್ಮದರಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು! ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ಪೈಪಿಗೆ ಬಟ್ಟೆ ಸುತ್ತಿ ಒಂದೆರಡು ನಿಮಿಷ ಎಳೆಯಿರಿ.

ಗೋಣಿಕೊಪ್ಪ೭:
ವಾಸನೆಗೆ ನನ್ನ ಉಪಾಯ, ಆಫ್ ಮಾಡುವ ಮುಂಚೆ ಅರ್ಧ ಗಂಟೆ ಬರೀ ಫ್ಯಾನ್ ಓಡಿಸುವುದು. ಒಳಗಿನ ಕಾಯಿಲ್, ಅಂದರೆ ಗಾಳಿ ತಂಪು ಮಾಡುವ ಕೊಳವೆಗಳ ಭಾಗ, ಒಣಗುತ್ತೆ. ಕಾಯಿಲ್ ಉಜ್ಜುವುದಾದರೆ ಮೆತ್ತನೆ ಬ್ರಷ್, ಮೇಲಿಂದ ಕೆಳಗೆ ಮಾತ್ರ, ಅಡ್ಡ ಉಜ್ಜಿದರೆ ಅದರ ತೆಳು ಲೋಹದ ರೆಕ್ಕೆಗಳು ಬಾಗುತ್ತವೆ. ಚಳಿಗಾಲದಲ್ಲಿ ಹೀಟ್ ನಡುವೆ ನಿಂತು ಹೊರಗಿನ ಯೂನಿಟ್‌ನಲ್ಲಿ ಹಬೆ ಎದ್ದರೆ ಗಾಬರಿ ಬೇಡ, ಕಾಯಿಲ್ ಮೇಲಿನ ಹಿಮ ಕರಗಿಸುತ್ತಿರುತ್ತೆ ಅಷ್ಟೇ. ಅದರ ಮುಚ್ಚಳ ಮಾತ್ರ ಬಿಚ್ಚಬೇಡಿ, ಕರೆಂಟ್ ತೆಗೆದರೂ ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಶಾಕ್ ಹೊಡೆಯಬಹುದು.

ಮಡಿಕೇರಿಮನೆ:
ಪೈಪಿನಿಂದ ಗೇಣುದ್ದ ಕಪ್ಪು ಲೋಳೆ ಬಂತು. ಥೂ! ಒಳಗಿನ ಯೂನಿಟ್‌ನಲ್ಲಿ ನೀರು ಸೇರುವ ಟ್ರೇಗೆ ಒಂದು ಲೋಟ ನೀರು ಹಾಕಿ ನೋಡಿದೆ, ಸೀದಾ ಹೊರಗೆ ಹೋಯ್ತು.