ಕೆಲಸ ಬಿಡಲೋ, ಮುಂದುವರಿಸಲೋ? ನಿಮ್ಮ ಅನುಭವ ಹೇಳಿ

ಕೇಳಿದವರು, ಬೆಂಗಳೂರು:
ಮಗುವಿಗೆ ಐದು ತಿಂಗಳು. 26 ವಾರದ ರಜೆ ಇನ್ನೇನು ಮುಗಿಯುತ್ತೆ. ಅಮ್ಮ ಇಲ್ಲ. ಹಾಸನದಲ್ಲಿರೋ ಅತ್ತೆಗೆ ಮಂಡಿನೋವು, ಬಂದಿರೋಕಾಗಲ್ಲ. ಮನೆಯವರ ಸಂಬಳದಲ್ಲಿ ಹೇಗೋ ಸಂಸಾರ ತೂಗುತ್ತೆ. ಕೆಲಸ ಬಿಟ್ಟವರು ಯಾಕೆ ಬಿಟ್ರಿ, ಹೋದವರು ಯಾಕೆ ಹೋದ್ರಿ? ಬುದ್ಧಿವಾದ ಬೇಡ, ನಿಮ್ಮ ಮನೇಲಿ ಏನಾಯ್ತು ಅಂತ ಹೇಳಿ.

ಶಿವಮೊಗ್ಗದಿಂದ:
ನಾನು ಬಿಟ್ಟೆ. 2014ರಲ್ಲಿ ಮಗಳು ಹುಟ್ಟಿದಾಗ ನಾವು ಬೆಂಗಳೂರಲ್ಲಿದ್ವಿ. ಆಗ ಕಾನೂನಿನ ರಜೆ 12 ವಾರ ಅಷ್ಟೇ. 26 ಆಗಿದ್ದು 2017ರಲ್ಲಿ. ಎಳೆ ಕೂಸನ್ನ ಪಕ್ಕದ ಮನೆಯವರ ಕೈಗೆ ಕೊಟ್ಟು ಆಫೀಸಿಗೆ ಹೋದೆ. ಸಂಜೆ ಸಿಲ್ಕ್ ಬೋರ್ಡ್ ಹತ್ರ ಬಸ್ಸು ನಿಂತ್ರೆ ನಿಂತೇಬಿಡೋದು. ಎದೆ ಕಲ್ಲಾಗಿ, ಕುರ್ತಾ ಒದ್ದೆಯಾಗಿ, ದುಪಟ್ಟಾ ಎಳ್ಕೊಂಡು ಕೂರ್ತಿದ್ದೆ. ಒಂದೂವರೆ ತಿಂಗಳು ತಡೆದೆ, ಅಷ್ಟೇ.

ಬಿಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ನೋವಾಗಿದ್ದು ಬೇರೆ ವಿಷಯಕ್ಕೆ. ನಮ್ಮಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ಐದು ಸಾವಿರ ಕೊಡಬೇಕಿತ್ತು. ಗಂಡನ ಹತ್ರ ಬಾಯಿ ಬಿಡೋಕೆ ಎರಡು ದಿನ ಬೇಕಾಯ್ತು. ಕೇಳಿದ ತಕ್ಷಣ ಕೊಟ್ರು, ಆದ್ರೂ ಕೇಳಬೇಕಾಯ್ತಲ್ಲ! ಆಮೇಲೆ ಕೂತು ಮಾತಾಡಿ, ತಿಂಗಳಿಗಿಷ್ಟು ಅಂತ ಒಂದನೇ ತಾರೀಖಿಗೇ ನನ್ನ ಖಾತೆಗೆ ಬರೋ ಹಾಗೆ ಮಾಡ್ಕೊಂಡ್ವಿ. ಬಿಡೋದಾದ್ರೆ ಈ ಮಾತು ರಾಜೀನಾಮೆಗೆ ಮುಂಚೆಯೇ ಆಗಲಿ.

ಪೀಣ್ಯದಿಂದ:
ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬಿಡಲೋ ಬೇಡ್ವೋ ಅನ್ನೋ ಯೋಚನೆಗೆ ನಮ್ಮಲ್ಲಿ ಜಾಗ ಇರ್ಲಿಲ್ಲ. ಇಲ್ಲಿ ಬಾಡಿಗೆ, ಊರಲ್ಲಿ ಬೋರ್‌ವೆಲ್ ಸಾಲ. 50 ಜನ ದುಡಿಯೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಕೇಂದ್ರದ ಅನುಕೂಲ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂತ ಕಾನೂನಿದೆ. ನನಗೆ ಅದು ಗೊತ್ತಾಗಿದ್ದೇ ಲೈನಿನ ಹಿರಿಯಕ್ಕ ಹೇಳಿದ್ಮೇಲೆ. ಸೂಪರ್‌ವೈಸರ್ ‘ಟಾರ್ಗೆಟ್ ಯಾರು ಮುಗಿಸ್ತಾರೆ’ ಅಂತ ಗದರೋರು, ನಾನು ಎದ್ದು ಹೋಗ್ತಿದ್ದೆ. ಹಾಲು ಕುಡೀತಾ ನನ್ನ ಮಗ, ಕೂದಲಿಗೆ ಅಂಟಿರೋ ದಾರದ ತುಂಡನ್ನ ಒಂದೊಂದೇ ಕಿತ್ತು ಮುಷ್ಟೀಲಿ ಹಿಡ್ಕೊತಿದ್ದ. ಬಿಡಿಸೋಕೆ ಹೋದ್ರೆ ಅಳು. ಈಗ ಅವನಿಗೆ ಐದು ವರ್ಷ, ಸಾಲ ತೀರಿದೆ. ನಿಮ್ಮ ಆಫೀಸಲ್ಲಿ ಮೊದಲು ಕೇಂದ್ರ ಎಲ್ಲಿದೆ ಅಂತ ಕೇಳಿ ಮೇಡಂ.

ಕೇಳಿದವರು:
ಅಕ್ಕ, ಅದು ಆಫೀಸಿನ ಒಳಗೇ ಇರಬೇಕಾ?

ಪೀಣ್ಯದಿಂದ:
ಒಳಗೇ ಅಂತಿಲ್ಲ, ಹತ್ತಿರ ಇರಬೇಕು. ನಮ್ದು ಗೇಟಿನ ಪಕ್ಕ.

ಧಾರವಾಡದಿಂದ:
ನಂದು ಸರ್ಕಾರಿ ಸಾಲಿ ರೀ. 2021ರಿಂದ ನಮಗ ಹೆರಿಗಿ ರಜೆ ಬಿಟ್ಟು 180 ದಿನ ಶಿಶುಪಾಲನಾ ರಜೆನೂ ಐತಿ, ಹಂಗಾಗಿ ನನ್ನ ದಾರಿ ನಿಮಗ ಹೊಂದೂದಿಲ್ಲ. ಆದ್ರ ಡೇಕೇರ್ ಫೀಸು ನಿಮ್ಮ ಪಗಾರದಾಗಷ್ಟ ಕಳದು ನೋಡಬ್ಯಾಡ್ರಿ. ನಮ್ಮ ಮನ್ಯಾಗ ಮೊದಲು ಹಂಗ ಲೆಕ್ಕಾ ಹಾಕಿದ್ರು. ‘ನಿನ್ನ ಪಗಾರೆಲ್ಲಾ ಕೂಸಿನ ಆಯಾಗ ಹೋಗತೈತಿ, ಯಾಕ ಹೋಗ್ತಿ’ ಅಂದ್ರು. ಕೂಸು ಇಬ್ಬರದೂ ಅಲ್ಲೇನ್ರಿ? ಅವತ್ತ ರಾತ್ರಿ ಕುಂತು, ಅರ್ಧ ಅವರ ಪಗಾರದಾಗ ಬರದ್ವಿ. ಆ ಹಾಳಿ ಇನ್ನೂ ನನ್ನ ಕಪಾಟಿನಾಗ ಐತಿ.